ತಪ್ಪಿದ ಕಿಡಿಯ ಜಾಡಿನಲ್ಲಿ

ಕೆಟ್ಟು ನಿಂತ ಯಂತ್ರಕ್ಕಿಂತ ಆಗಾಗ ಕೆಡುವ ಯಂತ್ರವೇ ಮನುಷ್ಯನನ್ನು ಹೆಚ್ಚು ಕಾಡುತ್ತದೆ. ನಿಂತ ಯಂತ್ರದಲ್ಲಿ ದೋಷವು ಒಂದೆಡೆ ಸ್ಥಿರವಾಗಿ ಕುಳಿತಿರುತ್ತದೆ; ಹುಡುಕುವವನ ಕೈಗೆ ಇಂದಲ್ಲ ನಾಳೆ ಸಿಕ್ಕೇ ಸಿಗುತ್ತದೆ. ಆದರೆ ಒಂದು ಗಳಿಗೆ ಸರಿಯಾಗಿ ನಡೆದು ಮರುಗಳಿಗೆ ಎಡವುವ ಯಂತ್ರದ ದೋಷವು, ವೈದ್ಯನ ಮುಂದೆ ಕುಳಿತಾಗ ಮಾತ್ರ ಮಾಯವಾಗುವ ನೋವಿನಂಥದು. ಅದು ಪರೀಕ್ಷಿಸುವವನ ವಿದ್ಯೆಯನ್ನಷ್ಟೇ ಅಲ್ಲ, ಅವನ ತಾಳ್ಮೆಯನ್ನೂ ಪ್ರಾಮಾಣಿಕತೆಯನ್ನೂ ಒರೆಗೆ ಹಚ್ಚುತ್ತದೆ. ಮೋಟಾರು ವಾಹನಗಳಲ್ಲಿ ಇಂಥ ದೋಷಗಳ ಪೈಕಿ ಬಹಳ ಹಳೆಯದು, ಬಹಳ ಚತುರವಾದುದು, ಕರ್ನಾಟಕದ ಗ್ಯಾರೇಜುಗಳಲ್ಲಿ ‘ಮಿಸ್ಸಿಂಗ್’ ಎಂದು ಕರೆಯಿಸಿಕೊಳ್ಳುವ ತೊಂದರೆ. ಸಿಲಿಂಡರಿನೊಳಗೆ ಉರಿಯಬೇಕಾದ ಹೊತ್ತಿಗೆ ಇಂಧನವು ಉರಿಯದೆ ಹೋಗುವುದೇ ಅದು. ಓಡುವ ಎಂಜಿನ್ನಿನ ನಾದದಲ್ಲಿ ತಾಳವೊಂದು ತಪ್ಪುತ್ತದೆ. ಕಾರು ಒಮ್ಮೆ ಮುಗ್ಗರಿಸಿ ಮತ್ತೆ ಓಡುತ್ತದೆ. ಅಷ್ಟೇ. ಆದರೆ ಆ ‘ಅಷ್ಟೇ’ ಎಂಬುದರ ಹಿಂದಿನ ಕಾರಣವನ್ನು ಅರಸುವ ಕೆಲಸವು ವಿಚಾರಶಾಸ್ತ್ರದ ಒಂದು ಪಾಠವೇ ಆಗಬಲ್ಲದು.

ಈ ಪಾಠಕ್ಕೆ ಇಂಗ್ಲೆಂಡಿನ ಹಳೆಯ ಕ್ರೀಡಾ ಕಾರುಗಳಷ್ಟು ಒಳ್ಳೆಯ ಪಠ್ಯ ಮತ್ತೊಂದಿಲ್ಲ. ಅವುಗಳಲ್ಲಿ ಹೆಸರಾಂತದ್ದು ಎಂ.ಜಿ.ಬಿ. ಆಕ್ಸ್‌ಫರ್ಡಿನ ಸಮೀಪದ ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಿಂದ 1962ರಲ್ಲಿ ಹೊರಬಂದ ಈ ಕಾರು, 1980ರಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚುವವರೆಗೆ ಐದು ಲಕ್ಷಕ್ಕೂ ಮಿಕ್ಕ ಸಂಖ್ಯೆಯಲ್ಲಿ ತಯಾರಾಯಿತು. ಇಬ್ಬರು ಕುಳಿತುಕೊಳ್ಳುವ, ಮೇಲ್ಛಾವಣಿಯನ್ನು ಮಡಚಬಹುದಾದ ತಗ್ಗಾದ ವಾಹನ. ನಾಲ್ಕು ಸಿಲಿಂಡರುಗಳ 1798 ಸಿ.ಸಿ. ಎಂಜಿನ್ನು, ಅದಕ್ಕೆ ಇಂಧನವುಣಿಸಲು ಜೋಡಿ ಎಸ್.ಯು. ಕಾರ್ಬ್ಯುರೇಟರುಗಳು. ಈ ಎಂಜಿನ್ನಿನ ವಂಶವು ಕನ್ನಡಿಗರಿಗೆ ಅಪರಿಚಿತವೇನಲ್ಲ. ದೀರ್ಘಕಾಲ ಅಂಬಾಸಿಡರ್ ಕಾರುಗಳನ್ನು ಎಳೆದ 1489 ಸಿ.ಸಿ. ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಅದೇ ‘ಬಿ’ ಶ್ರೇಣಿಗೆ ಸೇರಿದ್ದು. ತಾಲ್ಲೂಕು ಕೇಂದ್ರಗಳ ಟ್ಯಾಕ್ಸಿ ನಿಲ್ದಾಣಗಳಲ್ಲಿ ಬಾನೆಟ್ಟು ಎತ್ತಿ ನಿಂತ ಅಂಬಾಸಿಡರನ್ನು ಕಂಡವರಿಗೆ, ಎಂ.ಜಿ.ಬಿ.ಯ ಎಂಜಿನ್ನು ದಾಯಾದಿಯ ಮನೆಯಂತೆ ಗುರುತು ಸಿಗದಿರದು.

ಇಂಥ ಎಂಜಿನ್ನಿನಲ್ಲಿ ಕಿಡಿ ಹುಟ್ಟುವ ಬಗೆ ಸರಳವೂ ಹೌದು, ಸೋಜಿಗವೂ ಹೌದು. ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತು ಕಾಯಿಲಿನ ದಪ್ಪ ತಂತಿಯ ಸುರುಳಿಯಲ್ಲಿ ಹರಿದು, ಅಲ್ಲಿಂದ ಡಿಸ್ಟ್ರಿಬ್ಯೂಟರಿನೊಳಗಿನ ಸಿ.ಬಿ. ಪಾಯಿಂಟುಗಳ ಮೂಲಕ ಸುತ್ತನ್ನು ಪೂರ್ಣಗೊಳಿಸುತ್ತದೆ. ಪಾಯಿಂಟುಗಳು ಥಟ್ಟನೆ ತೆರೆದುಕೊಂಡಾಗ ಆ ಹರಿವು ಕಡಿಯುತ್ತದೆ. ಕಾಯಿಲಿನ ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತದಿಂದ ತೆಳು ತಂತಿಯ ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡವುಂಟಾಗಿ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಜಿಗಿಯುತ್ತದೆ. ಪಾಯಿಂಟುಗಳ ನಡುವಿನ ಅಂತರ ಒಂದು ಅಂಗುಲದ ಸಾವಿರದ ಹದಿನೈದು ಪಾಲು ಮಾತ್ರ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಕ್ರಿಯೆ ಸೆಕೆಂಡಿಗೆ 100 ಬಾರಿ ನಡೆಯಬೇಕು. ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಸಿಲಿಂಡರುಗಳು ಸರದಿ ತಪ್ಪದೆ ಉರಿಯಬೇಕು. ಇಷ್ಟೆಲ್ಲ ನಡೆಯುವಲ್ಲಿ ಒಮ್ಮೊಮ್ಮೆ ಕಿಡಿ ತಪ್ಪುವುದು ಆಶ್ಚರ್ಯವಲ್ಲ. ತಪ್ಪದೆ ಇರುವುದೇ ಆಶ್ಚರ್ಯ.

1966ರಲ್ಲಿ ತಯಾರಾದ ಇಂಥದೊಂದು ಕಾರು ಆಬಿಂಗ್ಡನ್ನಿಗೆ ಕೆಲವೇ ಮೈಲಿ ದೂರದ ಹಳ್ಳಿಯೊಂದರಲ್ಲಿ ನಿವೃತ್ತ ಶಾಲಾಶಿಕ್ಷಕರೊಬ್ಬರ ಬಳಿ ಇತ್ತು. 1972ರಿಂದಲೂ ಅದು ಅವರದೇ. 2022ರ ಬೇಸಿಗೆಯಲ್ಲಿ ಅವರಿಗೆ ಎಪ್ಪತ್ತೆಂಟು ವರ್ಷ. ಬ್ರಿಟನ್ನಿನಲ್ಲಿ ಎಪ್ಪತ್ತು ತುಂಬಿದವರು ಮೂರು ವರ್ಷಕ್ಕೊಮ್ಮೆ ತಮ್ಮ ಚಾಲನಾ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕು. ಮುಂದಿನ ನವೀಕರಣಕ್ಕೆ ಅರ್ಜಿ ಹಾಕಬಾರದೆಂದು ಅವರು ತಾವಾಗಿಯೇ ನಿಶ್ಚಯಿಸಿದ್ದರು. ಕಾರನ್ನು ಹತ್ತೊಂಬತ್ತು ವರ್ಷದ ಮೊಮ್ಮಗಳಿಗೆ ಕೊಡುವುದೆಂದೂ ತೀರ್ಮಾನವಾಗಿತ್ತು. ಆ ವೇಳೆಗೆ ಸರಿಯಾಗಿ ಎಂಜಿನ್ನು ಮುಗ್ಗರಿಸತೊಡಗಿತು.

ಮೇಲುನೋಟಕ್ಕೆ ಇದು ಸಣ್ಣ ಸಂಗತಿ. ಆದರೆ ಆಬಿಂಗ್ಡನ್ನಿನ ಪಕ್ಕದಲ್ಲಿ ಹಾದುಹೋಗುವ ಎ34 ಹೆದ್ದಾರಿಯಲ್ಲಿ ದಿನವಿಡೀ ಭಾರಿ ಲಾರಿಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. ಅವುಗಳ ನಡುವೆ ತಗ್ಗಾದ ಪುಟ್ಟ ಕಾರೊಂದು ಹಠಾತ್ತನೆ ಶಕ್ತಿಗುಂದಿದರೆ ಆಗಬಹುದಾದುದನ್ನು ಊಹಿಸಲು ಹೆಚ್ಚಿನ ಕಲ್ಪನೆ ಬೇಕಿಲ್ಲ. ಮೇಲಾಗಿ, ನಲವತ್ತು ವರ್ಷ ಮೀರಿದ, ಮೂಲರೂಪದಲ್ಲಿ ದೊಡ್ಡ ಮಾರ್ಪಾಡಾಗದ ಕಾರುಗಳಿಗೆ ಆ ದೇಶದಲ್ಲಿ 2018ರಿಂದ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಕಾನೂನು ಕೈಬಿಟ್ಟಲ್ಲಿ ಹೊಣೆಯೆಲ್ಲ ಒಡೆಯನ ಮನಸ್ಸಾಕ್ಷಿಯ ಮೇಲೆ ಬೀಳುತ್ತದೆ. ಕಾರನ್ನು ಕೊಡಬಹುದು, ಅದರೊಡನೆ ಒಂದು ಸಂಶಯವನ್ನೂ ಕೊಡುವುದು ಹೇಗೆ? ಆ ಹಿರಿಯರನ್ನು ಕಾಡಿದ ಪ್ರಶ್ನೆ ಇದು.

ಮೊದಲು ಕಾರು ಗ್ಯಾರೇಜೊಂದಕ್ಕೆ ಹೋಯಿತು. ಅಲ್ಲಿ ಪ್ಲಗ್ಗುಗಳನ್ನು ಬದಲಿಸಿದರು. ಪ್ಲಗ್ಗುಗಳಿಗೆ ಹೋಗುವ ತಂತಿಗಳನ್ನು ಬದಲಿಸಿದರು. ಕಾಯಿಲನ್ನೂ ಕಂಡೆನ್ಸರನ್ನೂ ಹೊಸದಾಗಿ ಹಾಕಿದರು. ಕಾರು ಸರಿಯಾಗಿ ಓಡಿತು. ಹತ್ತು ದಿನಗಳ ಮೇಲೆ ಮುಗ್ಗರಿಕೆ ಮರಳಿ ಬಂದಿತು. ಈಗ ಎಂಜಿನ್ನನ್ನೇ ಬಿಚ್ಚಿ ನೋಡಬೇಕಾದೀತೆಂಬ ಮಾತು ಬಂತು. ಅದಕ್ಕೆ ತಗಲುವ ವೆಚ್ಚ ಸಾವಿರಾರು ಪೌಂಡು. ಹಳೆಯ ಕಾರುಗಳನ್ನು ಬಲ್ಲ ಮಿತ್ರರೂ ಒಬ್ಬೊಬ್ಬರು ಒಂದೊಂದು ಹೇಳಿದರು. ಹೆಚ್ಚಿನವರ ಬೆರಳು ಪೆಟ್ರೋಲಿನ ಕಡೆಗೆ ತೋರಿತು. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿಗೆ ಶೇಕಡ 10ರವರೆಗೆ ಎಥನಾಲ್ ಬೆರೆಸುವ ಕ್ರಮ ಜಾರಿಗೆ ಬಂದಿತ್ತು. ಅದು ಹಳೆಯ ರಬ್ಬರು ಕೊಳವೆಗಳಿಗೆ ಹಿತವಲ್ಲ. ಮಿಶ್ರಣದಲ್ಲಿ ಇಂಧನದ ಪಾಲನ್ನೂ ತುಸು ತೆಳುವಾಗಿಸುತ್ತದೆ. ಹೊಸದಾಗಿ ಬಂದದ್ದರ ಮೇಲೆ ಹಳೆಯ ನೋವಿನ ಅಪವಾದ ಹೊರಿಸುವುದು ಲೋಕದ ರೂಢಿ. ಅದರಲ್ಲಿ ಒಂದಿಷ್ಟು ಸತ್ಯಾಂಶ ಇದ್ದಾಗಲಂತೂ ಆ ರೂಢಿ ಇನ್ನೂ ಬಲವಾಗುತ್ತದೆ.

ಈ ಹಂತದಲ್ಲಿ ಆ ಶಿಕ್ಷಕರು ಕೈಗೆತ್ತಿಕೊಂಡದ್ದು ಸ್ಪಾನರನ್ನಲ್ಲ, ಒಂದು ನೋಟುಪುಸ್ತಕವನ್ನು. ಒಂದು ವಾರ ಕಾಲ ಅವರು ಏನನ್ನೂ ಮುಟ್ಟಲಿಲ್ಲ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಾಂಟೇಜಿನಿಂದ ಬ್ಲೂಬರಿಯ ಕಡೆಗೆ ಬೆಟ್ಟದ ಸಾಲಿನ ತಪ್ಪಲಿನಲ್ಲಿ ಸಾಗುವ ಎ417 ರಸ್ತೆಯಲ್ಲಿ, ಸಂಚಾರ ವಿರಳವಾದ ಮುಂಜಾವಿನಲ್ಲಿ ಕಾರು ಓಡಿಸಿದರು. ಯಾವಾಗ ಮುಗ್ಗರಿಸಿತು, ಆಗ ವೇಗವೆಷ್ಟು, ಎಂಜಿನ್ನು ಬಿಸಿಯೋ ತಣ್ಣಗೋ, ಏರೋ ಇಳಿಜಾರೋ, ಕಾಲು ಆಕ್ಸಿಲರೇಟರನ್ನು ಎಷ್ಟು ಒತ್ತಿತ್ತು ಎಂಬುದನ್ನೆಲ್ಲ ಆ ಹುಡುಗಿ ಬರೆದಿಟ್ಟಳು. ದೋಷವನ್ನು ಹೊಡೆದೋಡಿಸುವ ಮೊದಲು ಅದರ ಮಾತನ್ನು ಕೇಳಬೇಕೆಂಬುದು ಅವರ ಮತ.

ವಾರದ ಕೊನೆಗೆ ಪುಸ್ತಕವು ಒಂದು ಚಿತ್ರವನ್ನು ಕೊಟ್ಟಿತು. ಕಾರು ನಿಂತಲ್ಲಿ ಎಂಜಿನ್ನು ಸಮವಾಗಿ ಓಡುತ್ತಿತ್ತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಏರನ್ನು ಹತ್ತುವಾಗಲೂ ದೋಷವಿರಲಿಲ್ಲ. ಗಂಟೆಗೆ 50 ಮೈಲಿ ವೇಗದಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಹಗುರವಾಗಿ ಕಾಲಿಟ್ಟು ಸಾಗುವಾಗ ಮಾತ್ರ ಅದು ಎಡವುತ್ತಿತ್ತು. ಅಂದರೆ ಯಂತ್ರಕ್ಕೆ ಅತ್ಯಂತ ಸುಲಭವಾದ ಕೆಲಸದ ಹೊತ್ತಿನಲ್ಲಿಯೇ ಅದು ಸೋಲುತ್ತಿತ್ತು.

ಈ ಒಂದು ಸಂಗತಿಯಿಂದಲೇ ಎಷ್ಟೋ ಸಂಶಯಗಳು ಬಿದ್ದುಹೋದವು. ಪ್ಲಗ್ಗು ದುರ್ಬಲವಾಗಿದ್ದರೆ, ಇಲ್ಲವೆ ಅಧಿಕ ವೋಲ್ಟಿನ ತಂತಿ ಸೋರುತ್ತಿದ್ದರೆ, ಸಿಲಿಂಡರಿನಲ್ಲಿ ಒತ್ತಡ ಗರಿಷ್ಠವಾಗಿರುವ ಏರಿನಲ್ಲಿಯೇ ಕಿಡಿ ಮೊದಲು ಸೋಲಬೇಕಿತ್ತು. ಪಂಪು ಇಂಧನವನ್ನು ಸಾಕಷ್ಟು ಕೊಡದಿದ್ದರೂ ಏರಿನಲ್ಲಿಯೇ ಅದು ಬಯಲಾಗಬೇಕಿತ್ತು. ಕವಾಟ ಸುಟ್ಟಿದ್ದರೆ ನಿಂತಲ್ಲಿಯೂ ಓಟ ಸಮವಾಗಿರುತ್ತಿರಲಿಲ್ಲ. ಆದರೂ ಊಹೆಗೇ ಬಿಡದೆ ನಾಲ್ಕೂ ಸಿಲಿಂಡರುಗಳ ಸಂಪೀಡನವನ್ನು ಅಳೆದು ನೋಡಿದರು. ನಾಲ್ಕೂ ಹೆಚ್ಚುಕಡಿಮೆ ಒಂದೇ ಸಮನಾಗಿದ್ದವು. ಎಂಜಿನ್ನನ್ನು ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ತೆಳು ಮಿಶ್ರಣದ ಸಂಶಯ, ಅಂದರೆ ಪೆಟ್ರೋಲಿನ ಮೇಲಿನ ಆರೋಪ. ಹಗುರ ಓಟದಲ್ಲಿ ಎಡವುವುದು ತೆಳು ಮಿಶ್ರಣದ ಲಕ್ಷಣವೂ ಹೌದು. ಇದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಎಸ್.ಯು. ಕಾರ್ಬ್ಯುರೇಟರಿನಲ್ಲಿ ಚೋಕನ್ನು ಎಳೆದರೆ ಜೆಟ್ಟು ಕೆಳಗಿಳಿದು ಇಂಧನದ ಪಾಲು ಹೆಚ್ಚುತ್ತದೆ. ಮುಗ್ಗರಿಸುತ್ತಿರುವಾಗಲೇ ಚೋಕನ್ನು ತುಸು ಎಳೆದಾಗ ಓಟ ಸುಧಾರಿಸಿದರೆ ಕೊರತೆ ಇಂಧನದ್ದು. ಸುಧಾರಿಸದಿದ್ದರೆ ಬೇರೆಲ್ಲೋ ಇದೆ. ಎಳೆದು ನೋಡಿದರು. ಮುಗ್ಗರಿಕೆ ಎಳ್ಳಷ್ಟೂ ಬದಲಾಗಲಿಲ್ಲ. ಪೆಟ್ರೋಲು ನಿರ್ದೋಷಿಯೆಂದು ಸಾಬೀತಾಯಿತು.

ಎರಡನೆಯ ಸಾಕ್ಷಿ ಕಣ್ಣೆದುರಿನಲ್ಲಿಯೇ ಇತ್ತು. ಆ ಕಾರಿನಲ್ಲಿ ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಟ್ಯಾಕೋಮೀಟರು, ಕಾಯಿಲಿಗೆ ಹೋಗುವ 12 ವೋಲ್ಟಿನ ಸುತ್ತಿನಲ್ಲಿ ವಿದ್ಯುತ್ತು ಎಷ್ಟು ಬಾರಿ ಕಡಿಯಿತೆಂಬುದನ್ನು ಎಣಿಸಿ ಕೆಲಸ ಮಾಡುತ್ತದೆ. ಕಾರು ಮುಗ್ಗರಿಸಿದಾಗಲೆಲ್ಲ ಅದರ ಮುಳ್ಳೂ ಥಟ್ಟನೆ ಕೆಳಗೆ ಬೀಳುತ್ತಿತ್ತೆಂದು ಮೊಮ್ಮಗಳು ಬರೆದಿದ್ದಳು. ಎಂಜಿನ್ನಿನ ವೇಗ ಅಷ್ಟು ಹಠಾತ್ತಾಗಿ ಇಳಿಯಲಾರದು. ಹಾಗಾದರೆ ಬಿದ್ದದ್ದು ಎಂಜಿನ್ನಲ್ಲ. ಕಡಿದದ್ದು ಆ ಸುತ್ತಿನ ವಿದ್ಯುತ್ತು. ದೋಷವು ಪ್ಲಗ್ಗುಗಳ ಕಡೆಯದಲ್ಲ, ಬ್ಯಾಟರಿಯಿಂದ ಪಾಯಿಂಟುಗಳವರೆಗಿನ ದಾರಿಯದು. ಕಾಯಿಲಿಗೆ ಬ್ಯಾಟರಿಯಿಂದ ನೇರವಾಗಿ ಬೇರೊಂದು ತಂತಿ ಎಳೆದು ಓಡಿಸಿದರು; ದೋಷ ಹಾಗೆಯೇ ಉಳಿಯಿತು. ಬೀಗದ ಸ್ವಿಚ್ಚು, ಅದರ ಜೋಡಣೆಗಳು ಪಟ್ಟಿಯಿಂದ ಹೊರಬಿದ್ದವು. ಕಾಯಿಲಂತೂ ಹೊಸದು. ಹುಡುಕಬೇಕಾದ ಪ್ರದೇಶ ಈಗ ಅಂಗೈಯಗಲಕ್ಕೆ ಇಳಿದಿತ್ತು: ಡಿಸ್ಟ್ರಿಬ್ಯೂಟರಿನ ಒಳಗು.

ಆದರೆ ಅಲ್ಲಿಯ ದೋಷವು ಹಗುರ ಓಟದಲ್ಲಿ ಮಾತ್ರ ಏಕೆ ತೋರಬೇಕು? ಇಡೀ ಶೋಧದ ಮರ್ಮ ಈ ಪ್ರಶ್ನೆಯಲ್ಲಿತ್ತು. ಹಗುರ ಓಟದಲ್ಲಿ ಸಿಲಿಂಡರಿನೊಳಗೆ ಸೇರುವ ಮಿಶ್ರಣ ಕಡಿಮೆಯಿರುವುದರಿಂದ ಅದು ನಿಧಾನವಾಗಿ ಉರಿಯುತ್ತದೆ. ಆದಕಾರಣ ಕಿಡಿಯು ಸ್ವಲ್ಪ ಮುಂಚಿತವಾಗಿಯೇ ಹಾರಬೇಕು. ಇದಕ್ಕಾಗಿ ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ಒಂದು ಪೊರೆಯ ಡಬ್ಬಿಯಿದೆ. ಕಾರ್ಬ್ಯುರೇಟರಿನಿಂದ ಬರುವ ಸಪೂರ ಕೊಳವೆಯೊಂದು ಅದಕ್ಕೆ ಸೇರುತ್ತದೆ. ಹಗುರ ಓಟದಲ್ಲಿ ಆ ಕೊಳವೆಯ ನಿರ್ವಾತವು ಪೊರೆಯನ್ನು ಎಳೆಯುತ್ತದೆ. ಪೊರೆಯು ಪಾಯಿಂಟುಗಳು ಕುಳಿತ ತಟ್ಟೆಯನ್ನು ಕೆಲವು ಡಿಗ್ರಿ ತಿರುಗಿಸುತ್ತದೆ. ಕಾರು ನಿಂತಲ್ಲಿ ಓಡುವಾಗ ಆ ಕೊಳವೆಗೆ ನಿರ್ವಾತ ತಲುಪುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ನಿರ್ವಾತವೇ ಉಳಿಯುವುದಿಲ್ಲ. ಎರಡೂ ಸಂದರ್ಭಗಳಲ್ಲಿ ತಟ್ಟೆ ತನ್ನ ಮೂಲಸ್ಥಾನಕ್ಕೆ ಮರಳುತ್ತದೆ. ಮುಗ್ಗರಿಕೆಯ ಕಾಲವೂ ತಟ್ಟೆ ತಿರುಗಿರುವ ಕಾಲವೂ ಒಂದೇ ಆಗಿದ್ದವು.

ಕೊಳವೆಯನ್ನು ಕಳಚಿ, ಕಾರ್ಬ್ಯುರೇಟರಿನ ಕಡೆಯ ಬಾಯಿಗೆ ಬಿರಟೆ ಹಾಕಿ ಇಪ್ಪತ್ತು ಮೈಲಿ ಓಡಿಸಿದರು. ಒಮ್ಮೆಯೂ ತಾಳ ತಪ್ಪಲಿಲ್ಲ. ಮನೆಗೆ ಬಂದು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಹೊರಗಿನ ತುದಿಯಿಂದ ಪಾಯಿಂಟುಗಳಿಗೆ ಹೋಗುವ, ಬೆರಳುದ್ದದ, ನೂಲಿನ ಹೊದಿಕೆಯ ತಂತಿಯೊಂದು ಅಲ್ಲಿದೆ. ತಟ್ಟೆ ತಿರುಗಿದಾಗಲೆಲ್ಲ ಅದು ಬಾಗುತ್ತದೆ. ಕಾಯಿಲಿನ ಕಡೆಯ ಜೋಡಣೆಯನ್ನು ಬಿಡಿಸಿ, ಆ ತಂತಿಯ ಎರಡು ತುದಿಗಳಿಗೆ ಮುಳ್ಳಿನ ಮೀಟರನ್ನು ಹಿಡಿದರು. ಮೀಟರು ಸುತ್ತು ಪೂರ್ಣವೆಂದು ತೋರಿಸಿತು. ಆಗ ಮೊಮ್ಮಗಳು ಸಪೂರ ಕೊಳವೆಯನ್ನು ಬಾಯಿಗಿಟ್ಟು ಗಾಳಿಯನ್ನು ಹೀರಿದಳು. ತಟ್ಟೆ ತಿರುಗಿತು, ತಂತಿ ಬಾಗಿತು, ಮೀಟರಿನ ಮುಳ್ಳು ಥಟ್ಟನೆ ಆಚೆಯ ತುದಿಗೆ ಹಾರಿತು. ಉಸಿರು ಬಿಟ್ಟಳು, ಮುಳ್ಳು ಹಿಂದಕ್ಕೆ ಬಂತು. ಹೊದಿಕೆಗೆ ಏನೂ ಆಗಿರಲಿಲ್ಲ. ಒಳಗಿನ ತಾಮ್ರದ ಎಳೆಗಳು ಮಾತ್ರ ವರ್ಷಗಟ್ಟಲೆ ಬಾಗಿ ಬಾಗಿ ತುಂಡಾಗಿದ್ದವು. ನೆಟ್ಟಗಿದ್ದಾಗ ಆ ತುಂಡುಗಳು ಒಂದಕ್ಕೊಂದು ತಾಗುತ್ತಿದ್ದವು, ಬಾಗಿದಾಗ ಅಗಲುತ್ತಿದ್ದವು. ಗ್ಯಾರೇಜಿನಲ್ಲಿ ಕಂಡೆನ್ಸರನ್ನು ಬದಲಿಸಿದ ಕೈ ಈ ತಂತಿಯನ್ನು ತುಸು ಸರಿಸಿದ್ದರಿಂದಲೇ ಹತ್ತು ದಿನಗಳ ನೆಮ್ಮದಿ ದೊರೆತಿತ್ತು. ರೋಗ ವಾಸಿಯಾಗಿರಲಿಲ್ಲ, ಮಗ್ಗುಲು ಬದಲಿಸಿತ್ತು.

ಕೆಲವೇ ಪೌಂಡಿನ ಹೊಸ ತಂತಿ ಬಂದಿತು. ಹಾಕಿದರು. ಕೊಳವೆಯನ್ನು ಮೊದಲಿನಂತೆ ಜೋಡಿಸಿ ಅದೇ ರಸ್ತೆಯಲ್ಲಿ ಓಡಿಸಿದರು. ಎಂಜಿನ್ನು ಒಂದೇ ಶ್ರುತಿಯಲ್ಲಿ ನುಡಿಯಿತು. ಸಾಮಾನ್ಯರಾದವರು ಇಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಆ ಹಿರಿಯರು ಮಾತ್ರ ಮನೆಗೆ ಬಂದು ಹೊಸ ತಂತಿಯನ್ನು ಬಿಚ್ಚಿ, ಹಳೆಯ ಮುರುಕು ತಂತಿಯನ್ನೇ ಮತ್ತೆ ಕಟ್ಟಲು ಕುಳಿತರು.

“ತೊಂದರೆ ಹೋಯಿತಲ್ಲ ಅಜ್ಜ, ಬೇಕೆಂದೇ ಮತ್ತೆ ಏಕೆ ತರಿಸುವುದು?” ಎಂದಳು ಮೊಮ್ಮಗಳು.

“ತಾನಾಗಿ ಹೋದದ್ದು ತಾನಾಗಿಯೇ ಬರುತ್ತದೆ. ಹತ್ತು ದಿನ ಒಮ್ಮೆ ಹೋಗಿತ್ತಲ್ಲವೆ? ನಾವು ಕರೆದಾಗ ಬಂದು, ಕಳಿಸಿದಾಗ ಹೋದರೆ ಮಾತ್ರ ಅದರ ಮನೆ ಸಿಕ್ಕಿತೆಂದು ತಿಳಿ” ಎಂದರು ಅವರು.

ಹಳೆಯ ತಂತಿಯೊಡನೆ ಕಾರು ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಮತ್ತೆ ಮುಗ್ಗರಿಸಿತು. ಹೊಸ ತಂತಿಯನ್ನು ಮರಳಿ ಹಾಕಿದಾಗ ಮತ್ತೆ ಸರಿಯಾಯಿತು. ಆಮೇಲೆಯೇ ಕಾರಿನ ಬೀಗದ ಕೈ ಮೊಮ್ಮಗಳ ಕೈ ಸೇರಿದ್ದು. ಅದರ ಜೊತೆಗೆ ಆ ನೋಟುಪುಸ್ತಕವೂ.

ಬಂದ ದಾರಿಯಲ್ಲಿಯೇ ದೋಷವನ್ನು ಹಿಂದಕ್ಕೆ ಕರೆದು ನೋಡುವ ಈ ಕೊನೆಯ ಹೆಜ್ಜೆಯೇ ಎಲ್ಲಕ್ಕಿಂತ ದೊಡ್ಡದು. ನಾಲ್ಕು ಬಿಡಿಭಾಗಗಳನ್ನು ಒಂದೇ ಸಲಕ್ಕೆ ಬದಲಿಸಿದವನಿಗೆ ಕಾರು ಸರಿಯಾದರೂ ಏಕೆ ಸರಿಯಾಯಿತೆಂಬುದು ತಿಳಿಯದು. ಕೆಟ್ಟರೆ ಏಕೆ ಕೆಟ್ಟಿತೆಂಬುದೂ ತಿಳಿಯದು. ಒಂದು ಸಲಕ್ಕೆ ಒಂದನ್ನೇ ಬದಲಿಸುವವನು ನಿಧಾನವಾಗಿ ನಡೆದರೂ ಇಟ್ಟ ಹೆಜ್ಜೆಯನ್ನು ಹಿಂದೆಗೆಯಬೇಕಾಗುವುದಿಲ್ಲ. ಅವನಿಗೆ ‘ಅದಲ್ಲ’ ಎಂಬ ಉತ್ತರವೂ ಸಂಪಾದನೆಯೇ. ಅಂಥವನು ಮಾತ್ರ, ಹೊಸದೆಂಬ ಕಾರಣಕ್ಕೆ ಪೆಟ್ರೋಲನ್ನು ದೂರದೆ, ಹಳೆಯದೆಂಬ ಕಾರಣಕ್ಕೆ ಎಂಜಿನ್ನನ್ನು ಹಳಿಯದೆ, ಇರುವುದನ್ನು ಇರುವಂತೆ ಕಾಣಬಲ್ಲ.

ಇಂದಿನ ಕಾರುಗಳಲ್ಲಿ ಪಾಯಿಂಟುಗಳೂ ಇಲ್ಲ, ಆ ಬೆರಳುದ್ದದ ತಂತಿಯೂ ಇಲ್ಲ. ಕಿಡಿ ತಪ್ಪಿದರೆ ಗಣಕವೇ ಅದನ್ನು ಗುರುತಿಸಿ ಸಂಕೇತ ಸಂಖ್ಯೆಯೊಂದನ್ನು ದಾಖಲಿಸುತ್ತದೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ವ್ಯವಸ್ಥೆಯಲ್ಲಿ ‘ಪಿ0301’ ಎಂದರೆ ಒಂದನೆಯ ಸಿಲಿಂಡರು, ‘ಪಿ0302’ ಎಂದರೆ ಎರಡನೆಯದು, ‘ಪಿ0300’ ಎಂದರೆ ಗೊತ್ತುಗುರಿಯಿಲ್ಲದ ತಪ್ಪುವಿಕೆ. ಇದು ಬಹು ದೊಡ್ಡ ಅನುಕೂಲವೇ ಸರಿ. ಆದರೆ ಆ ಸಂಖ್ಯೆಯು ಎಲ್ಲಿ ತಪ್ಪಿತೆಂಬುದನ್ನು ಹೇಳುತ್ತದೆಯೇ ಹೊರತು ಏಕೆ ತಪ್ಪಿತೆಂಬುದನ್ನು ಹೇಳುವುದಿಲ್ಲ. ಕಾಯಿಲೋ, ಪ್ಲಗ್ಗೋ, ಇಂಧನ ಸಿಂಪಡಿಸುವ ಸಾಧನವೋ, ಕವಾಟವೋ ಎಂಬ ಪ್ರಶ್ನೆ ಅರ್ಧ ಶತಮಾನದ ಹಿಂದೆ ಹೇಗಿತ್ತೋ ಹಾಗೆಯೇ ಮನುಷ್ಯನ ಮುಂದೆ ನಿಲ್ಲುತ್ತದೆ. ಸಂಖ್ಯೆಯನ್ನು ನೋಡಿದೊಡನೆ ಬಿಡಿಭಾಗ ಕೊಳ್ಳಲು ಓಡುವವನಿಗೂ, ಅಂದು ಕಾಯಿಲನ್ನು ಸುಮ್ಮನೆ ಬದಲಿಸಿದವನಿಗೂ ಹೆಚ್ಚಿನ ವ್ಯತ್ಯಾಸವೇನೂ ಇಲ್ಲ.

ಯಂತ್ರವಿದ್ಯೆಯನ್ನು ಕಲಿಯಹೊರಟ ತರುಣರು ಇದನ್ನು ಮನಗಾಣುವುದು ಒಳ್ಳೆಯದು. ಉಪಕರಣಗಳು ಬದಲಾಗುತ್ತವೆ, ಬದಲಾಗಬೇಕು. ಗಮನವಿಟ್ಟು ನೋಡುವುದು, ಕಂಡದ್ದನ್ನು ಬರೆದಿಡುವುದು, ಒಂದೊಂದಾಗಿ ಪರೀಕ್ಷಿಸುವುದು, ದೊರೆತ ಉತ್ತರವನ್ನು ಮತ್ತೊಮ್ಮೆ ಪ್ರಶ್ನಿಸುವುದು, ಇವು ಮಾತ್ರ ಬದಲಾಗುವುದಿಲ್ಲ. ಸದ್ದಡಗಿದ ದೋಷವೆಲ್ಲ ನೀಗಿದ ದೋಷವಲ್ಲ; ಕಾರಣ ತಿಳಿದಾಗಲೇ ಅದು ನಿಜವಾಗಿ ನೀಗುವುದು.